ಬಳೆಯ ಸದ್ದಿಗೆ ನಕ್ಕ ಮಗು

“ಗುರುಗಳೇ, ಮಗುವನ್ನು ಮಾಡೆಲಿಂಗ್‌ಗೆ ಕಳಿಸಲು ಸರಿಯಾದ ವಯಸ್ಸು ಯಾವುದು?”

ಕೇಳಿದವಳು ಮೈಥಿಲಿ, ಆಶ್ರಮಕ್ಕೆ ಬಹಳ ಕಾಲದಿಂದ ಬಂದುಹೋಗುವ ಶಿಷ್ಯೆ. ಅವಳ ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಇಂಚರಾ ಕೂತಿದ್ದಳು. ಕೂತಿದ್ದಳು ಅನ್ನುವುದು ಮರ್ಯಾದೆಯ ಮಾತು. ಚಾಪೆಯ ಅಂಚನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು. ಬಂದೊಡನೆ ತಾಯಿ, “ಗುರುಗಳಿಗೆ ನಮಸ್ಕಾರ ಮಾಡು ಪುಟ್ಟಿ” ಎಂದಿದ್ದಳು. “ಮಾಡಲ್ಲ” ಎಂದಿದ್ದಳು ಮಗಳು. ಎರಡನೆಯ ಸಲ ಹೇಳಿದಾಗ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ತಾಯಿಗೆ ನಾಚಿಕೆಯಾಗಿತ್ತು.

“ಮಕ್ಕಳ ಬಟ್ಟೆಯ ಜಾಹೀರಾತಿಗೆ ಇವಳನ್ನು ಕೇಳಿದ್ದಾರೆ,” ಎಂದಳು ಮೈಥಿಲಿ. “ಮುಖ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಹಾಗಿದೆಯಂತೆ. ಈ ಹಠ ಒಂದು ಬಿಡಿಸಿದರೆ ಸಾಕಂತೆ. ನಮ್ಮ ಮನೆಯವರು ಇನ್ನೂ ಚಿಕ್ಕವಳು ಅಂತಾರೆ. ನನ್ನ ತಂಗಿ ಈಗಲೇ ತಡವಾಯಿತು ಅಂತಾಳೆ. ಸಂಜೆಯೊಳಗೆ ಉತ್ತರ ಕೊಡಬೇಕು. ನೀವು ಹೇಳಿದ ಹಾಗೆ ಮಾಡುತ್ತೇನೆ.”

“ಸಂಜೆಗೆ ಇನ್ನೂ ಹೊತ್ತಿದೆ. ಒಂದು ಕತೆ ಕೇಳು,” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಬೆಳ್ಳಿ ವ್ಯಾಪಾರಿ ಇದ್ದ. ಮಕ್ಕಳಿಗೆ ಗೆಜ್ಜೆ, ಬಳೆ, ಉಡಿದಾರ ಮಾರುತ್ತಿದ್ದ. ಸಾಮಾನು ಚೆನ್ನಾಗಿತ್ತು, ಗಿರಾಕಿ ಕಡಿಮೆ. ಒಂದು ದಿನ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಗೆಜ್ಜೆ ಕೊಳ್ಳಲು ಬಂದಳು. ಅಳತೆ ನೋಡಲು ಗೆಜ್ಜೆ ಕಟ್ಟಿದ್ದೇ ತಡ, ಮಗು ನಗುತ್ತಾ ಅಂಗಡಿಯ ಜಗಲಿಯ ಮೇಲೆಲ್ಲ ಓಡಾಡಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಿದವರಲ್ಲಿ ಕೆಲವರು ಒಳಗೆ ಬಂದರು.

ವ್ಯಾಪಾರಿ ಹೇಳಿದ, “ತಾಯಿ, ದಿನಾ ಸಾಯಂಕಾಲ ಒಂದು ಗಳಿಗೆ ಮಗುವನ್ನು ಕರೆದುಕೊಂಡು ಬಾ. ಮಣೆ ಹಾಕುತ್ತೇನೆ. ಕೂತು ನಗಬೇಕು, ಅಷ್ಟೇ. ಓಡಿದರೆ ಬೆಳ್ಳಿ ಕಾಣುವುದಿಲ್ಲ ನೋಡು.”

ಹೆಂಗಸು ಒಪ್ಪಿದಳು. ಅವಳಿಗೆ ದುರಾಸೆಯೇನೂ ಇರಲಿಲ್ಲ. ಬಾವಿಕಟ್ಟೆಯಲ್ಲಿ ಯಾರಾದರೂ “ಆ ಮಗುವಿನ ತಾಯಿ ಇವಳೇ” ಅಂದರೆ ತುಂಬಿದ ಕೊಡ ಹಗುರಾಗುತ್ತಿತ್ತು. ಅಷ್ಟೇ ಅವಳ ಲಾಭ.

ಆದರೆ ಮಕ್ಕಳು ನಗಬೇಕಾದಾಗ ನಗುವುದಿಲ್ಲ. ಅದಕ್ಕೆ ತಾಯಿ ಒಂದು ಉಪಾಯ ಮಾಡಿದಳು. ಜಗಲಿಯ ಕಂಬದ ಮರೆಯಲ್ಲಿ ತಾನು ನಿಂತಳು. “ನನ್ನ ಬಳೆ ಸದ್ದಾದಾಗ ನಗಬೇಕು, ಆಯಿತಾ ನನ್ನ ಬಂಗಾರ?” ಎಂದು ಹೇಳಿಕೊಟ್ಟಳು. ಮಗು ಬೇಗ ಕಲಿಯಿತು. ಬಳೆ ಸದ್ದಾದರೆ ನಗು, ನಿಂತರೆ ನಿಲ್ಲುವುದು. ಊರು ಮೆಚ್ಚಿತು. ವ್ಯಾಪಾರ ಕುದುರಿತು.

ಮನೆಯಲ್ಲಿ ತಾಯಿ ರೊಟ್ಟಿ ತಟ್ಟುವಾಗ ಮೊದಲೆಲ್ಲ ಬಳೆಯ ಸದ್ದಿಗೆ ಮಗು ಓಡಿಬಂದು ಹಿಟ್ಟಿಗೆ ಕೈ ಹಾಕುತ್ತಿತ್ತು, ಬೈಸಿಕೊಳ್ಳುತ್ತಿತ್ತು. ಈಗ ಇದ್ದಲ್ಲೇ ಕೂತು ನಗುತ್ತಿತ್ತು. ‘ಎಷ್ಟು ಜಾಣೆಯಾಗಿದ್ದಾಳೆ’ ಎಂದುಕೊಂಡಳು ತಾಯಿ.

ಹೀಗಿರುವಾಗ ಅಂಗಡಿಗೆ ಹೊಸ ಮಾದರಿಯ ತೋಳಬಂದಿ ಬಂತು. ಇನ್ನೂ ಸಣ್ಣ ಮಗುವಿನ ಅಳತೆಯದು. ವ್ಯಾಪಾರಿ ಅದನ್ನು ಈ ಮಗುವಿನ ತೋಳಿಗೆ ಒತ್ತಿ ಏರಿಸಿದ. ಮಗು ಕಂಬದ ಕಡೆಗೆ ತಿರುಗಿ, “ಅಮ್ಮಾ, ಬೇಡ” ಎಂದಿತು. ಮೆಟ್ಟಿಲ ಕೆಳಗೆ ಹೆಂಗಸರು ಆಗಲೇ ನೆರೆದಿದ್ದರು. ತಾಯಿ ಬಳೆ ಆಡಿಸಿದಳು. ಮಗು ನಕ್ಕಿತು.

ಅಂದು ತೋಳಬಂದಿಗಳೆಲ್ಲ ಖರ್ಚಾದವು.

ರಾತ್ರಿ ಮಗು ಊಟ ಬೇಡ ಅನ್ನಲಿಲ್ಲ, ಉಣ್ಣಲೂ ಇಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂತಿತ್ತು. ಇಷ್ಟು ಜನ ನೋಡಿದ ಮೇಲೆ ದೃಷ್ಟಿಯಾಗದೆ ಇದ್ದೀತೇ ಎಂದುಕೊಂಡಳು ತಾಯಿ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿನ ಮುಖದ ಮುಂದೆ ಇಳಿ ತೆಗೆಯತೊಡಗಿದಳು. ಕೈ ಸುತ್ತಿದಂತೆ ಬಳೆ ಸದ್ದಾಯಿತು. ಮಗು ನಕ್ಕಿತು. ನಗುವಾಗಲೇ ಕಣ್ಣಿನಿಂದ ನೀರು ಇಳಿಯಿತು.

ಮೂಲೆಯಲ್ಲಿ ಕೂತಿದ್ದ ಅತ್ತೆ ಹೇಳಿದಳು, “ಅತ್ತು ಅತ್ತು ನಕ್ಕ ಮಕ್ಕಳನ್ನು ಕಂಡಿದ್ದೇನೆ. ನಗುತ್ತಾ ಅಳುವ ಮಗುವನ್ನು ನಾನು ಕಂಡಿಲ್ಲ ಕಣೇ.”

ತಾಯಿಯ ಕೈ ನಿಂತಿತು. ಮಗುವಿನ ನಗು ನಿಂತಿತು. ಅವಳು ಅನುಮಾನದಿಂದ ಮತ್ತೊಮ್ಮೆ ಕೈ ಸುತ್ತಿದಳು. ಮಗು ಮತ್ತೆ ನಕ್ಕಿತು.

ಆಗ ಅವಳು ಉಪ್ಪು ಮೆಣಸಿನಕಾಯಿಯನ್ನು ಅತ್ತೆಯ ಕೈಗೆ ಕೊಟ್ಟಳು. ಸದ್ದಾಗದಂತೆ ಎರಡೂ ಕೈಯ ಬಳೆಗಳನ್ನು ಮೊಣಕೈಯತ್ತ ಒತ್ತಿ ಸರಿಸಿಕೊಂಡಳು. ಮಗುವಿನ ಎದುರು ಕೂತು ಮೆಲ್ಲಗೆ ಕೇಳಿದಳು, “ಏನಾಯಿತು ಕಂದಾ?”

ಮಗು ಸ್ವಲ್ಪ ಹೊತ್ತು ಬಳೆಗಳನ್ನೇ ನೋಡಿತು. ಅವು ಅಲುಗಲಿಲ್ಲ. ಆಮೇಲೆ ಅಂಗಿಯ ತೋಳು ಸರಿಸಿ ತೋರಿಸಿತು. ತೋಳಬಂದಿ ಕೂತಿದ್ದ ಕಡೆ ಚರ್ಮ ಕೆಂಪಗೆ ಬರೆ ಎದ್ದು ಊದಿತ್ತು.

“ಅಯ್ಯೋ, ಅಲ್ಲೇ ಯಾಕೆ ಹೇಳಲಿಲ್ಲ ಕಣೇ?”

“ಹೇಳಿದೆ. ನೀನು ಬಳೆ ಆಡಿಸಿದೆ.”

ತಾಯಿ ಎದ್ದಳು. ಬೆಣ್ಣೆ ತಂದು ತೋಳಿಗೆ ಸವರಿದಳು. ಉರಿಯಿತು; ಮಗುವಿನ ತುಟಿ ನಡುಗಿತು. ಆದರೂ ಅದು ತಡೆದುಕೊಂಡು ತಾಯಿಯ ಮುಖ ನೋಡಿತು. “ಅಳಲಾ?” ಎಂದು ಕೇಳಿತು.

“ಅಳು ನನ್ನವ್ವಾ. ನಿನಗೆ ಸಾಕು ಅನ್ನಿಸುವವರೆಗೂ ಅಳು.”

ಮಗು ಅತ್ತಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ವಿಚಾರಿಸುವಷ್ಟು ಅತ್ತಿತು. ಏನೂ ಆಗಿಲ್ಲ, ಮಗು ಅಳುತ್ತಿದೆ ಎಂದು ಹೇಳುವಾಗ ತಾಯಿಯ ಮುಖ ಹಬ್ಬದ ಮುಖದಂತಿತ್ತು. ಬಂದವರು ಇವಳಿಗೇ ಏನೋ ಆಗಿದೆ ಎಂದುಕೊಂಡು ಹೋದರು.

ಇಳಿ ತೆಗೆದದ್ದನ್ನು ಕೈಯಲ್ಲೇ ಹಿಡಿದುಕೊಂಡಿರಬಾರದಲ್ಲ. ಅತ್ತೆ ಅದನ್ನು ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಅನ್ನುತ್ತಾರೆ. ಅಂದು ಬಂದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಬೇಕಾಯಿತು. ಕೆಂಡ ಚೆನ್ನಾಗಿತ್ತೋ ಏನೋ. ಅತ್ತೆ ಸೀನುತ್ತಾ ಬಂದು ತುಳಸಿಕಟ್ಟೆಗೆ ಒರಗಿದ ಬಗೆ ನೋಡಿ ಮಗುವಿಗೆ ನಗು ಬಂತು. ಬಳೆಗಳು ಇನ್ನೂ ಮೊಣಕೈಯ ಹತ್ತಿರವೇ ಇದ್ದವು. ತಾಯಿ ಅಲ್ಲೇ ನೆಲದ ಮೇಲೆ ಕೂತು, ಬಹಳ ದಿನದಿಂದ ಹೊತ್ತದ್ದನ್ನು ಇಳಿಸಿದವಳಂತೆ ಉಸಿರು ಬಿಟ್ಟಳು.

ಮರುದಿನ ವ್ಯಾಪಾರಿ ತಾನೇ ಮನೆಗೆ ಬಂದ. “ಯಾಕೆ ತಾಯಿ, ಇನ್ನೂ ಹೊರಟಿಲ್ಲ? ಜನ ಕಾಯುತ್ತಿದ್ದಾರೆ.”

ಮಗು ತಾಯಿಯ ಸೆರಗಿನ ಹಿಂದಿನಿಂದ ಹೇಳಿತು, “ನಾನು ಬರಲ್ಲ.”

“ಕೇಳಿಸಿತಲ್ಲ ಸಾಹುಕಾರರೇ,” ಎಂದಳು ತಾಯಿ.

“ಮಕ್ಕಳ ಮಾತನ್ನು ಯಾರಾದರೂ ಕೇಳುತ್ತಾರೇನಮ್ಮ?”

“ನಾನೂ ಕೇಳುತ್ತಿರಲಿಲ್ಲ.”

ವ್ಯಾಪಾರಿ ಕೆಟ್ಟವನಲ್ಲ. ಮಗುವಿನ ತೋಳು ನೋಡಿ ಅವನ ಮುಖ ಸಣ್ಣದಾಯಿತು. ಮಣೆಯ ಮೇಲೆ ಒಂದು ಮರದ ಗೊಂಬೆ ತಂದು ಕೂರಿಸಿದ. ವ್ಯಾಪಾರವೇನೂ ಮುಳುಗಲಿಲ್ಲ. ಗೊಂಬೆಗೆ ಎಷ್ಟು ಬಿಗಿಯಾದದ್ದನ್ನು ತೊಡಿಸಿದರೂ ನಡೆಯುತ್ತಿತ್ತು. ಇತ್ತ ಮಗು ರೊಟ್ಟಿಯ ಹಿಟ್ಟಿಗೆ ಮತ್ತೆ ಕೈ ಹಾಕತೊಡಗಿತು, ತಾಯಿ ಬೈಯತೊಡಗಿದಳು. ಮನೆ ಮೊದಲಿನಂತಾಯಿತು.

ಗುರುಗಳು ಕತೆ ನಿಲ್ಲಿಸಿದರು.

“ಸದ್ಯ, ಅತ್ತಿತಲ್ಲ ಆ ಮಗು,” ಎಂದಳು ಮೈಥಿಲಿ. ಆಮೇಲೆ ಕೈಯಲ್ಲಿದ್ದ ಫೋನಿನ ಕಡೆ ಒಮ್ಮೆ ನೋಡಿ, “ಆದರೆ ಗುರುಗಳೇ, ನಾನು ಕೇಳಿದ್ದು ವಯಸ್ಸು. ಅದನ್ನು ನೀವು ಹೇಳಲೇ ಇಲ್ಲ” ಎಂದಳು.

ಗುರುಗಳು ಇಂಚರಾಳ ಕಡೆ ನೋಡಿದರು. ಚಾಪೆಯ ಅಂಚು ಒಂದು ಗೇಣು ಬಿಚ್ಚಿಹೋಗಿತ್ತು. ಅವಳು ಅವರನ್ನೇ ದುರುಗುಟ್ಟಿ ನೋಡಿ, ಯಾರೂ ಕೇಳದೆಯೇ ಮತ್ತೊಮ್ಮೆ ಹೇಳಿದಳು, “ನಮಸ್ಕಾರ ಮಾಡಲ್ಲ.”

ಗುರುಗಳು ನಕ್ಕರು. “ಬೇಡ ಎನ್ನುವ ವಯಸ್ಸು ನಿನ್ನ ಮಗಳಿಗೆ ಆಗಿದೆ ತಾಯಿ, ಅದನ್ನು ಕೇಳಿಸಿಕೊಳ್ಳುವ ವಯಸ್ಸು ನಿನಗೆ ಎಂದು ಆಗುತ್ತದೋ, ಅಂದು ಕಳಿಸು.”