ಪ್ಯಾಲೆಟ್ಟಿನ ಹಸಿ ಹಲಗೆ

ಮಂಗಳೂರು ಬಂದರಿನಲ್ಲಿ ಗೋಡಂಬಿ ಪೆಟ್ಟಿಗೆಗಳನ್ನು ಹೊತ್ತು ಕೂತಿದ್ದ ಮರದ ಪ್ಯಾಲೆಟ್‌ಗೆ ಮೊದಲ ಸಲ ಕಡಲು ದಾಟುವ ಸಂಭ್ರಮ. ಅಷ್ಟರಲ್ಲಿ, ರಿಪೇರಿಗೆಂದು ಬಡಿದಿದ್ದ ಹಸಿ ಹಲಗೆಯೊಳಗಿಂದ ಹುಳುವೊಂದು ಪಿಸುಗುಟ್ಟಿತು: “ಅಣ್ಣಾ, ಸುಮ್ಮನಿರು. ನಾನೂ ದೇಶ ನೋಡ್ತೇನೆ.”

“ಆಚೆ ಬಂದರಿನಲ್ಲಿ ನೀನು ಸಿಕ್ಕಿಬಿದ್ದರೆ ಗೋಡಂಬಿಯನ್ನೆಲ್ಲ ವಾಪಸ್ ಕಳಿಸ್ತಾರಲ್ಲೋ!”

“ಬಾಯಿಬಿಟ್ಟರೆ ನೀನು ಇಲ್ಲೇ ಬಾಕಿ ಮಾರಾಯ.”

ಪ್ಯಾಲೆಟ್ ಒಂದು ಗಳಿಗೆ ಹಡಗನ್ನೇ ನೋಡಿತು. ಆಮೇಲೆ, ಎತ್ತಲು ಬಂದ ಫೋರ್ಕ್‌ಲಿಫ್ಟಿಗೆ, “ಯಜಮಾನರೇ, ನನ್ನೊಳಗೆ ಹುಳು ಉಂಟು. ಪೆಟ್ಟಿಗೆಗಳನ್ನು ಬೇರೆಯವನ ಮೇಲೆ ಹೊರಿಸಿ” ಎಂದಿತು.

ಪೆಟ್ಟಿಗೆಗಳು ಹಡಗು ಹತ್ತಿದವು. ಪ್ಯಾಲೆಟ್ ಬಂದರಿನ ದಕ್ಕೆಯಲ್ಲೇ ಉಳಿಯಿತು.

“ಈಗ ನಿನಗೆ ಸಿಕ್ಕಿದ್ದೇನು?” ಎಂದು ಹುಳು ಕೆಣಕಿತು.

ಹಡಗು ದೂರವಾಗುವುದನ್ನು ನೋಡುತ್ತಲೇ ಪ್ಯಾಲೆಟ್ ಹೇಳಿತು: “ನಾನು ಹೊರುವವನಪ್ಪ. ಹೊತ್ತದ್ದು ತಲುಪಿದರೆ ನಾನೂ ತಲುಪಿದ ಹಾಗೆಯೇ.”