ದೇಚವ್ವನ ಎರಡು ಈಡು

ಎಲೆಗೆ ಸುಣ್ಣ ಹಚ್ಚೋರು ಈಗಲೇ ಹಚ್ಚಿಕೊಳ್ಳಿ, ನಡುವೆ ಎದ್ದು ಹೋಗೋ ಹಾಗಿಲ್ಲ. ಈ ಕತೆಯಲ್ಲಿ ಬರೋ ಕೋವಿ ಎಷ್ಟು ಮೆತ್ತಗೆ ಅಂದರೆ, ಅದನ್ನ ಹಾರಿಸಿದಾಗ ಭುಜದ ಮೇಲೆ ಕೂತಿದ್ದ ನೊಣ ಕೂಡ ಏಳಲಿಲ್ಲ. ನಂಬದೋರು ಆ ನೊಣವನ್ನೇ ಕೇಳಿ.

ಕೊಡಗಿನ ಒಂದು ಬೆಟ್ಟದ ನೆತ್ತಿಯಲ್ಲಿ ಒಂಟಿ ಮನೆ. ಅಲ್ಲಿ ದೇಚವ್ವ ಅನ್ನೋ ಮುದುಕಿ, ಅವಳಿಗೊಬ್ಬ ಮಗ ಮುದ್ದಯ್ಯ. ಮುದ್ದಯ್ಯ ಆಳು ಎತ್ತರ, ತೋಳು ದಪ್ಪ, ತಲೆಯೊಳಗೆ ಮಾತ್ರ ಬರೀ ಮಂಜು. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ಹಾಲು ಉಕ್ಕುತ್ತೆ, ನೋಡ್ತಾ ಇರು ಅಂದರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ಇರುತ್ತಿದ್ದ.

ದೇಚವ್ವನಿಗೆ ಇದ್ದದ್ದು ಒಂದೇ ಭಯ. ಆ ಸೀಮೆಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಅಂಗಳಕ್ಕೆ ಬಂದು ಕೋವಿಯಿಂದ ಎರಡು ಈಡು ಹಾರಿಸಬೇಕು, ಒಂದರ ಬೆನ್ನಿಗೆ ಒಂದು. ಆ ಸದ್ದು ಕೇಳಿದ ಮೇಲೇ ಊರಿನವರು ಬಿಳಿ ಉಟ್ಟು ಬರೋದು. ಒಂದೇ ಈಡಾದರೆ ಗಂಡು ಹುಟ್ಟಿತು ಅಂತ. ಆಗ ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಕೂಸಿನ ಕೈಗೆ ಹಿಡಿಸುತ್ತಾರೆ. ಈಡೇ ಹಾರದಿದ್ದರೆ? ಯಾರಿಗೂ ತಿಳಿಯಲ್ಲ, ಯಾರೂ ಬರಲ್ಲ. ತಾನು ತಣ್ಣಗಾಗಿ ಮಲಗಿದ್ದರೆ, ಮುದ್ದ ಪಕ್ಕದಲ್ಲಿ ಕೂತು, "ಏಳು ಅವ್ವ, ಗಂಜಿ ಆರ್ತಾ ಇದೆ" ಅಂತ ಹೇಳ್ತಾನೇ ಇರುತ್ತಾನೆ, ಇರುವೆ ಸಾಲು ಹಿಡಿದು ಬಂದರೂ. ಇದು ನೆನಪಾದಾಗಲೆಲ್ಲ ಅಕ್ಕಿ ಕೇರೋ ಅವಳ ಕೈ ನಿಲ್ಲುತ್ತಿತ್ತು.

ಮನೆಯಲ್ಲಿ ಗಂಡನ ಕಾಲದ ಜೋಡಿ ನಳಿಕೆಯ ಕೋವಿ ಇತ್ತು. ಕೋವಿಗಳಿಗೆ ಪೂಜೆ ಮಾಡೋ ಕೈಲ್‌ಪೊದ್ ಹಬ್ಬ ಬಂತು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪಂದ್ಯಕ್ಕೆ ದೇಚವ್ವ ಮಗನನ್ನೂ ಕಳಿಸಿದಳು, ಕೈ ಪಳಗಲಿ ಅಂತ. ಭುಜಕ್ಕೆ ಒತ್ತಿ ಹಿಡಿ, ಬೆರಳಿಂದ ಕುದುರೆ ಎಳಿ, ಅಷ್ಟೇ ಅಂದಿದ್ದಳು. ಎಳೆದ. ಕಾಯಿ ಮರದಲ್ಲೇ ಉಳಿಯಿತು. ಮುದ್ದಯ್ಯ ಮಲಗಿದ್ದ ಎಮ್ಮೆಯ ಮೇಲಿಂದ ಹಾರಿ ಗೊಬ್ಬರದ ಗುಂಡಿಯಲ್ಲಿ ಬಿದ್ದ. ಎಮ್ಮೆ ಎದ್ದು ಅವನನ್ನ ನೋಡಿ ಮತ್ತೆ ಮಲಗಿತಂತೆ. ಎರಡನೇ ನಳಿಕೆ ಮುಟ್ಟು ಅಂದರೆ ಅವನು ಅಳೋಕೇ ಶುರು ಮಾಡಿದ.

ದೇಚವ್ವ ಅರಿಸಿನ ಹಚ್ಚುತ್ತ ಬೈದಳು. ಈ ಕೋವಿಯನ್ನ ಪೇಟೆಯ ಮೊಯ್ದು ಕಾಕನ ಕೋವಿ ಅಂಗಡಿಗೆ ಒಯ್ಯಿ, ಬದಲಿಗೆ ಹೊಸ ಕೈಗೆ ಹೊಂದೋದು ತಾ ಅಂದಳು. "ಒಂದೊಂದನ್ನೂ ಎತ್ತಿ ನೋಡು. ಎಲ್ಲಕ್ಕಿಂತ ಹಗುರವಾದದ್ದು ತಾ."

ಮುದ್ದಯ್ಯ ಹೋದ. ಒಂದೊಂದನ್ನೂ ಎತ್ತಿ ನೋಡಿದ. ಎಲ್ಲಕ್ಕಿಂತ ಹಗುರವಾದದ್ದನ್ನ ತಂದ. ಅದು ನಳಿಕೆ ಇಲ್ಲದ, ಕೋವಿಯ ಹಿಡಿಯ ಬರೀ ಮರ, ಕಾಕ ಎಣ್ಣೆ ಹಚ್ಚಿ ಒಣಗೋಕೆ ಒರಗಿಸಿದ್ದದ್ದು.

ದೇಚವ್ವ ಆ ಮರದಿಂದಲೇ ಅವನ ಬೆನ್ನಿಗೆ ಒಂದು ಬಿಟ್ಟಳು. ಆಮೇಲೆ ಗಂಡ ಹೇಳುತ್ತಿದ್ದ ಮಾತು ನೆನಪಾಯಿತು. ಹಗುರ ಕೋವಿಯೇ ಹೆಚ್ಚು ಒದೆಯೋದು, ತೂಕದ ಕೋವಿ ಒದೆತವನ್ನ ತಾನೇ ನುಂಗಿಕೊಳ್ಳುತ್ತೆ. "ತಪ್ಪು ನನ್ನದೇ ಕಣೋ. ತೂಕ ಇರೋದು ತಾ."

ಸಂಜೆಯೊಳಗೆ ಮೊಯ್ದು ಕಾಕ ಅಂಗಡಿ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು, ಮುದ್ದಯ್ಯ ಅವರು ಕಬ್ಬಿಣ ಬಡಿಯೋ ಅಡಿಗಲ್ಲನ್ನ ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳಿಯುತ್ತಿದ್ದ. ಕಾಕ ಅದನ್ನ ಇಳಿಸಿ, ಅವನನ್ನ ಕೂರಿಸಿ, ಚಹಾ ಕುಡಿಸಿ, ಯಾರಿಗೆ ಯಾಕೆ ಕೋವಿ ಅಂತ ಕೇಳಿದರು. ಅವ್ವ ಸತ್ತಾಗ ಎರಡು ಹಾರಿಸೋಕೆ ಅಂದ. ಕಾಕ ಒಳಗಿಂದ ಒಂದು ಲಿವರ್ ರೈಫಲ್ ತಂದರು. ಕುದುರೆಯ ಸುತ್ತ ಬಳೆಯ ಹಾಗೆ ಒಂದು ಕೊಂಡಿ. ಅದನ್ನ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹಾರಿ ಹೊರಬಿದ್ದು ಹೊಸ ತೋಟಾ ಬಂದು ಕೂರುತ್ತೆ. ಎರಡು ಈಡಿನ ನಡುವೆ ಒಂದು ಕೆಮ್ಮಿನಷ್ಟೂ ಬಿಡುವು ಬೇಡ. ನಳಿಕೆ ದಪ್ಪ, ಆದ್ದರಿಂದ ತೂಕ. ತೋಟಾ ಸಣ್ಣದು, ಆದ್ದರಿಂದ ಒದೆತ ಕಮ್ಮಿ. ಭುಜಕ್ಕೆ ತಾಗೋ ಕಡೆ ರಬ್ಬರಿನ ಮೆತ್ತೆ.

"ದೊಡ್ಡ ತೋಟಾದ್ದು ಬೇಕು ಅಂತ ಎಲ್ಲರೂ ಕೇಳ್ತಾರೆ ಮೋನೇ," ಅಂದರು ಕಾಕ. "ಹೊಸಬನಿಗೆ ಮೊದಲು ಹೆದರಿಕೆ ಹೋಗಬೇಕು. ದೊಡ್ಡದು ಆಮೇಲೆ."

ಅಂಗಡಿಯ ಹಿಂದಿನ ಮಣ್ಣುಗುಡ್ಡೆಗೆ ಹೊಡೆಸಿ ನೋಡಿದರು. ಮುದ್ದಯ್ಯ ಬೀಳಲಿಲ್ಲ. ನೊಣ ಏಳದಿದ್ದದ್ದು ಆಗಲೇ. ಕೊನೆಗೆ ಕಾಕ ಒಂದು ಮಾತು ಹೇಳಿ ಕಳಿಸಿದರು: ಖಾಲಿ ಇದ್ದರೂ ಸರಿ, ಜನರಿರೋ ಕಡೆ ಇದರ ಬಾಯಿ ತಿರುಗಿಸಬಾರದು.

ಮಂಜು ಬೆಟ್ಟ ಹತ್ತುವ ಹೊತ್ತಿಗೆ ದೇಚವ್ವ ಅಂಗಳದಿಂದ ಮಗನನ್ನ ಕಂಡಳು. ಹಿರಿಯರಿಗೆ ಎಡೆ ಇಡೋ ಪುಟ್ಟ ಗುಡಿ, ಕೈಮಡ, ಅದರ ಹತ್ತಿರ ಅವನು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಕೋವಿಯ ಬಾಯಿ ಕಣಿವೆ ಕಡೆ. ಯಾಕೋ ಹಾಗೆ ನಡೆದೆ ಅಂದಳು.

"ಈ ಕಡೆ ಜನ ಇದ್ದರಲ್ಲ ಅವ್ವ."

ದೇಚವ್ವ ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ. ಯಾರು ಅಂತ ಮೆಲ್ಲಗೆ ಕೇಳಿದಳು. ಮಂಡಿವರೆಗಿನ ನಿಲುವಂಗಿ, ಬಿಳಿ ಕುಪ್ಯ ತೊಟ್ಟೋರು, ದಾರಿ ತುಂಬ, ಮಾತಿಲ್ಲ ಕತೆಯಿಲ್ಲ, ಮನೆ ಕಡೆ ನೋಡ್ತಾ ನಿಂತಿದ್ದಾರೆ ಅಂದ. "ಅಪ್ಪನೂ ಇದ್ದಾರೆ. ಕೋವಿ ನೋಡಿ ತಲೆ ಆಡಿಸಿದರು."

ಗಂಡ ಮಣ್ಣಿಗೆ ಹೋದಾಗ ತೊಡಿಸಿದ್ದು ಬಿಳಿ ಕುಪ್ಯವೇ. ದೇಚವ್ವ ಬೈಯಲಿಲ್ಲ. ಒಳಗೆ ಹೋಗಿ ಕಾಲು ಮಡಚಿ ಕೂತಳು, ಮಗನನ್ನ ಕರೆದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಎರಡು ಈಡು ಸತ್ತೋರಿಗೆ. ಒಂದು ಈಡು ಹುಟ್ಟಿದ ಗಂಡಿಗೆ, ಜೊತೆಗೆ ಬಿಲ್ಲು. "ನಾನು ಕರೆದರೆ ಓಗೊಡದ ದಿನ, ಅಂಗಳಕ್ಕೆ ಹೋಗಿ ಎರಡು ಹಾರಿಸು. ಮರೆಯಬೇಡ ಮುದ್ದ."

ಮುದ್ದಯ್ಯ ಮರೆಯಲಿಲ್ಲ. ಮಾರನೇ ಮಧ್ಯಾಹ್ನ ದೇಚವ್ವ ಹಿತ್ತಲಲ್ಲಿ ಬಾಯಿ ತುಂಬ ಎಲೆ ಹಾಕಿಕೊಂಡು ಭತ್ತ ಕುಟ್ಟುತ್ತಿದ್ದಳು. ಅವನು ಜಗಲಿಯಿಂದ ಅವ್ವ ಅಂದ. ಎಲೆ ಉಗಿದು ಓ ಅನ್ನೋದರೊಳಗೆ ಅಂಗಳದಲ್ಲಿ ಢಂ ಅಂತು, ಕೊಂಡಿ ಕಟಕಟ ಅಂತು, ಮತ್ತೆ ಢಂ ಅಂತು.

ಊರು ಊರೇ ಬಿಳಿ ಉಟ್ಟು ಹತ್ತಿ ಬಂತು. ದೇಚವ್ವನ ಅಣ್ಣ ಬೆಳ್ಯಪ್ಪ ಎಲ್ಲರಿಗಿಂತ ಮುಂದೆ ಅಳುತ್ತ ಬಂದವನು ಒನಕೆ ಹಿಡಿದ ತಂಗಿಯನ್ನ ಕಂಡು ಅಲ್ಲೇ ಕೂತುಬಿಟ್ಟ. ಆಮೇಲೆ ನಗೆಯೋ ನಗೆ. ಬಂದಿದ್ದೀವಲ್ಲ ದೇಚವ್ವ, ಒಂದು ಸಲ ಮಲಗಿ ತೋರಿಸು ಅಂತ ಒಬ್ಬಳು ಚೇಷ್ಟೆ ಮಾಡಿದಳು.

ಬೆಳ್ಯಪ್ಪ ಅಳಿಯನ ಕಿವಿ ಹಿಂಡಿದ. "ಮೂಗಿಗೆ ಬೆರಳಿಟ್ಟು ನೋಡಬೇಕೋ, ಪೆದ್ದ. ಉಸಿರು ಇದ್ದರೆ ಎರಡು ಕೂಡದು. ತಿಳೀತಾ? ಎರಡು ಕೂಡದು."

ತಿಳೀತು ಮಾವ ಅಂದ ಮುದ್ದಯ್ಯ.

ಎಲ್ಲರೂ ನಗುತ್ತ ಇಳಿದು ಹೋದರು. ದೇಚವ್ವ ಮಾತ್ರ ನಗಲಿಲ್ಲ. ಹಾರಿದ ಈಡನ್ನ ಊರಿನವರು ನಗೆಯಲ್ಲಿ ಕಳೆದರು, ಕೈಮಡದ ಹತ್ತಿರ ನಿಂತೋರಿಗೆ ಇದು ಸುಳ್ಳು ಈಡು ಅಂತ ಯಾರು ಹೇಳಬೇಕು? ಅವರ ಕಿವಿಗೂ ಎರಡೇ ಬಿದ್ದಿತ್ತಲ್ಲ. ಮನೆಯ ನಾಯಿ ಬೊಗಳದೆ ಮಂಚದ ಕೆಳಗೆ ಸೇರಿತು. ಒಲೆಯಲ್ಲಿ ಬೆಂಕಿ ಇದ್ದರೂ ಅವಳ ಕಾಲು ತಣ್ಣಗಾಯಿತು, ಆಮೇಲೆ ಮಂಡಿ, ಆಮೇಲೆ ಸೊಂಟ. ಚಾಪೆಯ ಮೇಲೆ ಮಲಗಿದಳು. ಅಂಗಳದಲ್ಲಿ ಬಹಳ ಜನರ ಹೆಜ್ಜೆ ಸದ್ದು, ಚಪ್ಪಲಿ ಇಲ್ಲದ ಹೆಜ್ಜೆ. ಮೆಟ್ಟಿಲ ಹತ್ತಿರ ಬಂದು ನಿಂತಿತು.

"ಅವ್ವ, ಅವರು ಬಂದಿದ್ದಾರೆ. ಅವ್ವ."

ಓ ಅನ್ನಬೇಕು ಅಂತ ಅವಳಿಗೆ ಆಸೆ. ನಾಲಿಗೆ ಏಳಲಿಲ್ಲ. ಮಗನ ಬೆರಳು ಮೂಗಿನ ಕೆಳಗೆ ಬಂತು, ತಡೆಯಿತು, ಹೋಯಿತು. ಕೊಂಡಿ ಕಟಕಟ ಅಂದದ್ದು ಕೇಳಿಸಿತು. ಸದ್ಯ, ಎರಡು ಹಾರಿಸುತ್ತಾನೆ, ಊರು ಬರುತ್ತೆ, ಇರುವೆ ಬರಲ್ಲ ಅಂದುಕೊಂಡಳು.

ಢಂ.

ಕಾದಳು. ಇನ್ನೊಂದು ಬರಲಿಲ್ಲ. ಹಿತ್ತಲ ಕಡೆ ಯಾರೋ ಓಡಿದ ಸದ್ದು, ಕಡ್ಡಿ ಮುರಿದ ಸದ್ದು. ಅಂಗಳದಲ್ಲಿ ಹೆಜ್ಜೆಗಳು ಅತ್ತಿತ್ತ ಸರಿದಾಡಿದವು, ಮನೆ ತಪ್ಪಿ ಬಂದ ನೆಂಟರ ಹಾಗೆ. ಆಮೇಲೆ ಒಂದೊಂದಾಗಿ ಇಳಿಯತೊಡಗಿದವು. ಅವಳ ಸೊಂಟಕ್ಕೆ ಬಿಸಿ ಬಂತು, ಮಂಡಿಗೆ ಬಂತು. ಕೈಗೆ ಏನೋ ಹಸಿಹಸಿ ತಾಗಿತು. ಕಣ್ಣು ಬಿಟ್ಟು ನೋಡಿದರೆ ಹರಳು ಕಡ್ಡಿಯ ಬಿಲ್ಲು, ಬಾಣ, ಬಾಗಿಲಲ್ಲಿ ಹಲ್ಲು ಬಿಡುತ್ತ ನಿಂತ ಮುದ್ದಯ್ಯ.

"ಉಸಿರಿತ್ತು ಅವ್ವ. ಎರಡು ಕೂಡದು ಅಂದರಲ್ಲ ಮಾವ. ಒಂದು ಹಾರಿಸಿದೆ. ನೀನೀಗ ಗಂಡಾಗಿ ಹುಟ್ಟಿದ್ದೀಯ. ಸತ್ತೋರನ್ನ ಕರೆದೊಯ್ಯೋಕೆ ಬಂದೋರು ಬಿಲ್ಲು ನೋಡಿ ಹೊರಟೇ ಹೋದರು."

ಕೆಳಗಿನ ದಾರಿಯಿಂದ ಬೆಳ್ಯಪ್ಪನ ಕೂಗು ಕೇಳಿಸಿತು, ಆ ಮನೆಯಲ್ಲಿ ಹೆತ್ತವರು ಯಾರಪ್ಪಾ ಅಂತ.

ಎಂಬತ್ತು ದಾಟಿದ ಮೇಲೆ ಗಂಡು ಕೂಸಾದ ದೇಚವ್ವನಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಕೂತು, ಪೆದ್ದ ಅಂತ ಬೈದು, ಕೈಯಲ್ಲಿದ್ದ ಬಿಲ್ಲನ್ನೇ ಎಳೆದು ಮಗನತ್ತ ಬಾಣ ಬಿಟ್ಟಳು. ಅದು ಅವನ ಕಿವಿ ಸವರಿ ಬಾಗಿಲು ದಾಟಿ ಖಾಲಿ ಅಂಗಳದ ಮಂಜಿಗೆ ಹೋಯಿತು. ನೆಲಕ್ಕೆ ಬಿದ್ದ ಸದ್ದು ಮಾತ್ರ ಬರಲಿಲ್ಲ.

ಮುದ್ದಯ್ಯ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ. ಆಮೇಲೆ, ಹುಟ್ಟಿದಾರಭ್ಯ ಮೊದಲ ಸಲ, ಅವ್ವನನ್ನೇ ಗದರಿಸಿದ.

"ಏನು ಅವ್ವ ನೀನು. ಜನರಿರೋ ಕಡೆ ಗುರಿ ಇಡಬಾರದು ಅಂತ ಕಾಕ ಹೇಳಿಲ್ವಾ? ನೋಡು, ಅಪ್ಪನ ಬೆನ್ನಿಗೆ ತಾಗಿ, ಅವರು ಹಿಂದಿರುಗಿ ನೋಡ್ತಾ ಇದ್ದಾರೆ."