ಅಂಬಿಗನ ಎಡಗೈ

ಈ ಕತೆಯನ್ನು ನಮ್ಮ ಗುರುಗಳು ಹೇಳಿದಷ್ಟು ಚೆನ್ನಾಗಿ ಹೇಳಲು ನನಗೆ ಬಾರದು. ಬರೆಯುವುದು ಇದೇ ಮೊದಲು. ಎಲ್ಲಾದರೂ ಕೆಡಿಸಿದ್ದರೆ ಕ್ಷಮಿಸಬೇಕು.

ನೇಕಾರನಾಗಿದ್ದ ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ನಸುಕಿನಲ್ಲೇ ಎದ್ದು ವ್ಯಾಯಾಮ ಮಾಡು ಎನ್ನುತ್ತೀರಿ. ದಿನವಿಡೀ ಮಗ್ಗದಲ್ಲಿ ಮೈ ದಣಿಯುತ್ತದೆ. ಅದು ಸಾಲದೇ?"

ಗುರುಗಳು ಹೇಳಿದರು:

ಒಬ್ಬ ಅಂಬಿಗನಿದ್ದ. ಅಂಬಿಗನೆಂದರೆ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವವನು. ಅವನು ದಿನವೂ ಬೆಳಕು ಹರಿಯುವ ಮೊದಲೇ ಎದ್ದು ಹೊಳೆಯನ್ನು ಈಜಿ ದಾಟಿ, ಈಜಿಯೇ ಮರಳುತ್ತಿದ್ದ. ಆಮೇಲೆ ಕೆಲಸಕ್ಕೆ ನಿಲ್ಲುತ್ತಿದ್ದ. ಒಬ್ಬ ವ್ಯಾಪಾರಿ ಅದನ್ನು ಕಂಡು ನಕ್ಕ.

"ಏನಯ್ಯಾ, ದೋಣಿ ಕಟ್ಟಿಹಾಕಿ ನೀನೇ ಈಜುತ್ತೀಯಲ್ಲ! ಪಾಪ, ದೋಣಿಗೆ ನಿದ್ದೆ ಕೆಡುತ್ತದೆಂದೇ?"

ಅಂಬಿಗನಿಗೆ ನಾಚಿಕೆಯಾಯಿತು. ಚಳಿಯೂ ಇತ್ತು. ದಿನವೆಲ್ಲ ಹುಟ್ಟು ಹಾಕುತ್ತೇನಲ್ಲ, ಅದೇ ಸಾಕು ಎಂದುಕೊಂಡ. ಮರುದಿನ ಏಳಲಿಲ್ಲ. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದೇ ಅದರ ಮರುದಿನವೂ ಏಳಲಿಲ್ಲ.

ಮಳೆಗಾಲ ಬಂತು. ಹೊಳೆ ತುಂಬಿತು. ಒಂದು ಮಧ್ಯಾಹ್ನ ದೋಣಿಯಲ್ಲಿ ಆ ವ್ಯಾಪಾರಿಯಿದ್ದ, ಅಂಬಿಗನ ಬಸುರಿ ಮಗಳೂ ಇದ್ದಳು. ನಡುಹೊಳೆಯಲ್ಲಿ ಹುಟ್ಟು ಮುರಿಯಿತು. ದೋಣಿ ಸೆಳವಿಗೆ ಸಿಕ್ಕಿ ಕೆಳಗಿನ ಬಂಡೆಗಳತ್ತ ಸಾಗಿತು. ಉಳಿದದ್ದು ಒಂದೇ ದಾರಿ. ಯಾರಾದರೂ ದೋಣಿಯ ಹಗ್ಗವನ್ನು ದಡಕ್ಕೆ ಒಯ್ದು ಮರಕ್ಕೆ ಸುತ್ತಬೇಕು. ಅಂಬಿಗ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು ಹಾರಿದ.

ಇದ್ದ ಬಲವನ್ನೆಲ್ಲ ಹಾಕಿ ಈಜಿದ. ತಲೆ ಎತ್ತಿದರೆ ಎದುರಿಗೆ ದಡವಿರಲಿಲ್ಲ, ದೋಣಿಯಿತ್ತು.

"ಅಪ್ಪಾ, ದಡ ಆ ಕಡೆ! ನೀನು ತಿರುಗಿ ನಮ್ಮ ಕಡೆಗೇ ಬರುತ್ತಿದ್ದೀಯ!" ಎಂದು ಮಗಳು ಕೂಗಿದಳು.

"ಈಜೋ ಮಾರಾಯ, ನೆಟ್ಟಗೆ ಈಜೋ!" ಎಂದು ವ್ಯಾಪಾರಿ ಅಂಗಲಾಚಿದ.

ಮತ್ತೆ ಈಜಿದ. ಮತ್ತೆ ದೋಣಿಯೇ ಎದುರಾಯಿತು. ಅದು ಸುಳಿಯ ಕಾಟವಲ್ಲ. ಅವನು ಯಾವಾಗಲೂ ದೋಣಿಯ ಬಲ ಮಗ್ಗುಲಲ್ಲೇ ಹುಟ್ಟು ಹಾಕುತ್ತಿದ್ದ. ಆ ಕೆಲಸ ಬಲದೋಳನ್ನಷ್ಟೇ ಬೆಳೆಸಿತ್ತು. ಎಡದೋಳಿಗೆ ಬೆಳಗಿನ ಈಜೊಂದೇ ಕಸುವು ಕೊಡುತ್ತಿತ್ತು. ಈಜು ನಿಂತಿತ್ತು, ತೋಳು ಸೋತಿತ್ತು. ಬಲಗೈ ಎಳೆದಷ್ಟೂ ಮೈ ಎಡಕ್ಕೆ ತಿರುಗುತ್ತಿತ್ತು.

ಬಂಡೆಗೆ ನೀರು ಬಡಿಯುವ ಸದ್ದು ಹತ್ತಿರವಾಯಿತು. ಆಗ ಅಂಬಿಗ ಬಲಗೈಯನ್ನು ತಡೆದು, ಎಡಗೈ ಎಳೆಯಬಲ್ಲಷ್ಟೇ ಅದರಿಂದಲೂ ಎಳೆದ. ಮೈ ನೆಟ್ಟಗಾಯಿತು, ಆದರೆ ಈಜು ನಿಧಾನವಾಯಿತು. ಅವನು ಹಗ್ಗವನ್ನು ಮರಕ್ಕೆ ಸುತ್ತುವಾಗ ದೋಣಿಯ ಒಂದು ಹಲಗೆ ಬಂಡೆಗೆ ತಗುಲಿ ಆಗಲೇ ಸೀಳಿತ್ತು. ಎಲ್ಲರೂ ಉಳಿದರು.

ನೇಕಾರ ಉಸಿರು ಬಿಟ್ಟ. "ಸದ್ಯ, ಉಳಿದರಲ್ಲ! ಆದರೆ ಗುರುಗಳೇ, ನಮ್ಮ ಮನೆಯ ಹತ್ತಿರ ಹೊಳೆಯೇ ಇಲ್ಲ."

ಗುರುಗಳು ಕೇಳಿದರು: "ನಿನ್ನ ದೋಣಿಯಲ್ಲಿ ಯಾರು ಕುಳಿತಿದ್ದಾರೆ?"



ಇದರ ಅರ್ಥವನ್ನೂ ಬಿಡಿಸಿ ಹೇಳಬೇಕು. ಇಲ್ಲಿ ದೋಣಿ ಎಂದರೆ ಮರದ ದೋಣಿಯಲ್ಲ. ನಸುಕಿನಲ್ಲಿ ಏಳುವುದು ನಮ್ಮೊಬ್ಬರ ಮೈಗಾಗಿ ಎಂದುಕೊಳ್ಳುತ್ತೇವೆ. ಆದರೆ ನಿಜವಾಗಿ ನೋಡಿದರೆ... ಒಳಗಿನಿಂದ ಹಾಸಿಗೆ ಹಿಡಿದ ಅಮ್ಮ ಕರೆಯುತ್ತಿದ್ದಾಳೆ. ಅವಳನ್ನು ಎತ್ತಿ ಕೂರಿಸಬೇಕು.